ಹಳೆಯ ಪಂಚೆ, ಬೆಡ್‌ಶೀಟ್‌ಗಳಿಂದ ಬೇಸಿಗೆಯ ಟಾಪ್: ಕತ್ತರಿ ಹಾಕುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಮ್ಮ ಊರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹತ್ತಿರ. ಮನೆಯಲ್ಲಿ ಹಳೆಯ ಬೆಡ್‌ಶೀಟ್‌ಗಳು, ದಿಂಬಿನ ಕವರ್‌ಗಳು, ಮಾವನವರ ಎರಡು ಪಂಚೆಗಳು ಮತ್ತು ಅಮ್ಮನ ಒಂದು ಕಾಟನ್ ಸೀರೆ ಇವೆ. ತುಳಿಯುವ ಹೊಲಿಗೆ ಯಂತ್ರವಿದೆ, ದಿಂಬಿನ ಕವರು, ಲಂಗ ಹೊಲಿದು ಅಭ್ಯಾಸವಿದೆ. ಬೇಸಿಗೆಗೆಂದು ನನ್ನ ಒಂದು ಟೀ ಶರ್ಟನ್ನು ಬೆಡ್‌ಶೀಟಿನ ಮೇಲಿಟ್ಟು, ಅದರ ಸುತ್ತ ಗೆರೆ ಹಾಕಿ, ಕತ್ತರಿಸಿ ಟಾಪ್ ಹೊಲಿದೆ. ಕುತ್ತಿಗೆ ತಲೆಯಲ್ಲಿ ಇಳಿಯಲಿಲ್ಲ. ಕತ್ತರಿಸಿ ದೊಡ್ಡದು ಮಾಡಿಕೊಂಡೆ. ಎದೆಯ ಹತ್ತಿರ ಬಿಗಿಯಾಯಿತು. ಎರಡನೆಯ ಸಲ ಒಗೆದಾಗ ಕಂಕುಳಲ್ಲಿ ಹರಿಯಿತು. ಹಳೆಯ ಬಟ್ಟೆಯಿಂದ ಬಾಳಿಕೆ ಬರುವ ಟಾಪ್ ಹೊಲಿಯುವುದು ಸಾಧ್ಯವೇ? ಎಂಟು ವರ್ಷದ ಮಗಳಿಗೂ ಹೊಲಿಯಬೇಕೆಂಬ ಆಸೆಯಿದೆ.

ಉತ್ತರ: ಖಂಡಿತ ಸಾಧ್ಯ. ನೀವು ಬರೆದಿರುವ ಮೂರು ತೊಂದರೆಗಳೂ ನಿಮ್ಮ ಹೊಲಿಗೆಯ ದೋಷದಿಂದ ಆದವಲ್ಲ. ಲಂಗವನ್ನು ನೇರವಾಗಿ ಹೊಲಿಯಬಲ್ಲ ಕೈಗೆ ಸರಳವಾದ ಟಾಪ್ ಕಷ್ಟವಾಗುವುದಿಲ್ಲ. ತೊಂದರೆ ಶುರುವಾದದ್ದು ಟೀ ಶರ್ಟಿನಿಂದ. ಟೀ ಶರ್ಟಿನ ಬಟ್ಟೆ ಹೆಣೆದದ್ದು; ಅದರ ದಾರ ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಕ್ಕಿಕೊಂಡಿರುವುದರಿಂದ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಬೆಡ್‌ಶೀಟು ಮಗ್ಗದಲ್ಲಿ ನೇಯ್ದದ್ದು. ಅದರಲ್ಲಿ ಹಾಸು ಎಳೆ, ಹೊಕ್ಕು ಎಳೆ ಒಂದಕ್ಕೊಂದು ಅಡ್ಡವಾಗಿ ಕುಳಿತಿರುತ್ತವೆ, ಉದ್ದಕ್ಕೂ ಅಗಲಕ್ಕೂ ಅದು ಹಿಗ್ಗುವುದಿಲ್ಲ, ಓರೆಯಾಗಿ ಎಳೆದರೆ ಮಾತ್ರ ಸ್ವಲ್ಪ ಬಗ್ಗುತ್ತದೆ. ಹಿಗ್ಗುವ ಬಟ್ಟೆಯ ಅಳತೆಯನ್ನು ಹಿಗ್ಗದ ಬಟ್ಟೆಗೆ ಇಳಿಸಿದಾಗ ಕುತ್ತಿಗೆ ತಲೆಗೆ ಸಾಲುವುದಿಲ್ಲ, ಎದೆ ಬಿಗಿಯುತ್ತದೆ, ಕೈ ಎತ್ತಿದಾಗಲೆಲ್ಲ ಎಳೆತವೆಲ್ಲ ಕಂಕುಳ ಮೂಲೆಗೆ ಬಂದು ಬೀಳುತ್ತದೆ. ಆ ಜಾಗದಲ್ಲಿ ಬಟ್ಟೆ ಮೊದಲೇ ಸವೆದಿದ್ದರೆ ಹರಿಯದೆ ಇರುವುದಿಲ್ಲ.

ತುಮಕೂರಿನಲ್ಲಿ ಹೊಲಿಗೆ ಕಲಿಸುತ್ತ ಬಂದಿರುವ ನನಗೆ ಕಲಿಯಲು ಬಂದವರಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಇನ್ನೊಂದಿದೆ. ಹೊಸ ಬಟ್ಟೆಯನ್ನು ಕತ್ತರಿಸುವ ರೀತಿಯಲ್ಲೇ ಹಳೆಯ ಬಟ್ಟೆಯನ್ನೂ ಕತ್ತರಿಸಲು ಹೊರಡುತ್ತಾರೆ. ಹೊಸ ಬಟ್ಟೆ ಎಲ್ಲ ಕಡೆಯೂ ಒಂದೇ ಗಟ್ಟಿಯಾಗಿರುತ್ತದೆ. ಆದ್ದರಿಂದ ಅಂಗಿಯ ಆಕಾರವನ್ನು ಮೊದಲು ನಿರ್ಧರಿಸಿ, ಬಟ್ಟೆ ಉಳಿಯುವಂತೆ ಎಲ್ಲಿ ಬೇಕಾದರೂ ಇಡಬಹುದು. ಹಳೆಯ ಬಟ್ಟೆಯಲ್ಲಿ ಹಾಗಾಗದು. ಹತ್ತು ವರ್ಷ ಮಲಗಿದ ಹಾಸಿನ ನಡುಭಾಗ ಸವೆದಿರುತ್ತದೆ, ಅಂಚು ಹೊಸದರಂತೆಯೇ ಇರುತ್ತದೆ. ಗಟ್ಟಿ ಎಲ್ಲಿದೆ, ಎಷ್ಟಗಲ ಇದೆ ಎಂಬುದನ್ನು ಮೊದಲು ನೋಡಿ, ಆಮೇಲೆ ಆ ಜಾಗಕ್ಕೆ ಹೊಂದುವ ಆಕಾರವನ್ನು ಆರಿಸಬೇಕು. ಮುಂದೆ ನಾನು ಹೇಳುವುದೆಲ್ಲವೂ ಈ ಮಾತಿನ ಮೇಲೆಯೇ ನಿಂತಿದೆ.

ನಿಮ್ಮ ಬಟ್ಟೆಗಳಲ್ಲಿ ಯಾವುದು ಅಪ್ಪಟ ಹತ್ತಿಯದು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಹತ್ತಿ ಬೇಸಿಗೆಗೆ ಹಿತವಾಗಿರುವುದಕ್ಕೆ ಕಾರಣ ಅದು ತೇವವನ್ನು ಹೀರಿಕೊಳ್ಳುವ ಗುಣ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 7ರಿಂದ 8ರಷ್ಟು ತೇವವನ್ನು ಹಿಡಿದಿರುತ್ತದೆ. ಪಾಲಿಯೆಸ್ಟರ್ ಶೇಕಡಾ ಅರ್ಧದಷ್ಟನ್ನೂ ಹಿಡಿಯುವುದಿಲ್ಲ. ಪಾಲಿಯೆಸ್ಟರ್ ತೊಟ್ಟರೆ ಬೆವರು ಮೈಗೇ ಅಂಟಿಕೊಳ್ಳುವುದು ಇದರಿಂದ. ಈಚೆಗೆ ಅಂಗಡಿಗಳಲ್ಲಿ ಕಾಟನ್ ಎಂಬ ಪದವನ್ನು ಹೆಸರಿನಲ್ಲಿ ಸೇರಿಸಿ ಮಾರುವ ನುಣುಪಾದ ಬೆಡ್‌ಶೀಟ್‌ಗಳಲ್ಲಿ ಹಲವು ಪಾಲಿಯೆಸ್ಟರ್‌ನವು, ಆದ್ದರಿಂದ ಹೆಸರನ್ನು ನಂಬದೆ ಪರೀಕ್ಷಿಸಿ. ಅಂಚಿನಿಂದ ನಾಲ್ಕೈದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟುಕೊಂಡು, ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ, ತುದಿಯಲ್ಲಿ ಗಟ್ಟಿಯಾದ ಕಪ್ಪು ಗುಂಡು ನಿಲ್ಲುತ್ತದೆ. ಮಿಶ್ರ ಬಟ್ಟೆಯಲ್ಲಿ ಬೂದಿಯೊಳಗೆ ಸಣ್ಣ ಸಣ್ಣ ಗಂಟುಗಳು ಕೈಗೆ ಸಿಗುತ್ತವೆ. ಗುಂಡು ನಿಂತ ಬೆಡ್‌ಶೀಟನ್ನು ಬೇಸಿಗೆಯ ಟಾಪ್‌ಗೆ ಬಳಸಬೇಡಿ, ಬಣ್ಣ ಎಷ್ಟೇ ಚೆನ್ನಾಗಿದ್ದರೂ ಸರಿಯೆ. ಸೊಲ್ಲಾಪುರದ ದಪ್ಪ ಚಾದರ ಹತ್ತಿಯದೇ ಆದರೂ ಮೈಮೇಲೆ ಭಾರವಾಗುತ್ತದೆ.

ಹತ್ತಿಯೆಂದು ಖಚಿತವಾದ ಮೇಲೆ ಗಟ್ಟಿತನವನ್ನು ನೋಡಬೇಕು. ಹಗಲು ಹೊತ್ತಿನಲ್ಲಿ ಕಿಟಕಿಗೋ ಬಾಗಿಲಿಗೋ ಅಡ್ಡವಾಗಿ ಬೆಡ್‌ಶೀಟನ್ನು ಹಿಡಿದರೆ ಸವೆದ ಭಾಗದಲ್ಲಿ ಬೆಳಕು ಹೆಚ್ಚು ತೂರಿ ಬರುತ್ತದೆ. ಅದರ ಸುತ್ತ ಚಾಕ್‌ನಿಂದ ಗೆರೆ ಹಾಕಿ. ಅನಂತರ ಎರಡು ಹೆಬ್ಬೆರಳುಗಳನ್ನು ಒಂದಕ್ಕೊಂದು ತಾಗುವಂತೆ ಬಟ್ಟೆಯ ಮೇಲಿಟ್ಟು, ಕೆಳಗಿನಿಂದ ಉಳಿದ ಬೆರಳುಗಳಲ್ಲಿ ಹಿಡಿದು, ಬಲವಾಗಿ ಆಚೀಚೆ ಎಳೆಯಿರಿ. ಉದ್ದಕ್ಕೆ ಒಮ್ಮೆ, ಅಗಲಕ್ಕೆ ಒಮ್ಮೆ ಹೀಗೆ ಮಾಡಿ. ಎಳೆಗಳು ಸರಿದು ಕಿಂಡಿ ಬಿಟ್ಟರೆ, ಅಥವಾ ಚಿರ್ ಎಂಬ ಸಣ್ಣ ಸದ್ದು ಕೇಳಿದರೆ, ಆ ಭಾಗವನ್ನು ಒರೆಸುವ ಬಟ್ಟೆಗೆ ಇಟ್ಟುಕೊಳ್ಳಿ. ಬೆಳಕಿನಲ್ಲಿ ಚೆನ್ನಾಗಿ ಕಂಡದ್ದು ಹೆಬ್ಬೆರಳಿಗೆ ಸೋಲುವುದೂ ಉಂಟು. ಬ್ಲೀಚಿಂಗ್ ಪುಡಿಯಲ್ಲಿ ಪದೇ ಪದೇ ನೆನೆಸಿದ ಬಿಳಿಯ ಬಟ್ಟೆ ನೋಡಲು ದಪ್ಪವಾಗಿದ್ದರೂ ಒಳಗೆ ಶಕ್ತಿ ಕಳೆದುಕೊಂಡಿರುತ್ತದೆ. ಹೀಗಾಗಿ ಎರಡೂ ಪರೀಕ್ಷೆ ಬೇಕು. ನೀವು ಹೊಲಿದ ಮೊದಲ ಟಾಪಿನ ಹರಿದ ಜಾಗದ ಪಕ್ಕದಲ್ಲೇ ಇದನ್ನು ಮಾಡಿ ನೋಡಿದರೆ ಅದು ಏಕೆ ಹರಿಯಿತೆಂಬುದು ನಿಮ್ಮ ಕೈಗೇ ತಿಳಿಯುತ್ತದೆ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಹಳೆಯ ಬಟ್ಟೆಗೆ ವಿಶೇಷವಾದ ಒಂದು ತೊಂದರೆಯಿದೆ. ಅದು ಕೊಳವೆಬಾವಿಯ ಗಡಸು ನೀರು. ಆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಕರಗದ ಕಸವಾಗಿ ಎಳೆಗಳ ನಡುವೆ ಕೂರುತ್ತವೆ. ಬಟ್ಟೆ ಬಿರುಸಾಗುತ್ತದೆ, ಬಿಳುಪು ಮಾಸುತ್ತದೆ, ನೀರನ್ನು ಹೀರುವ ಗುಣವೂ ಕಡಿಮೆಯಾಗುತ್ತದೆ. ಅರ್ಧ ಬಕೆಟ್ ಬಿಸಿನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ, ಅರ್ಧ ಗಂಟೆ ನೆನೆಸಿ, ಆಮೇಲೆ ಮೂರು ನಾಲ್ಕು ಸಲ ಒಳ್ಳೆಯ ನೀರಿನಲ್ಲಿ ಜಾಲಾಡಿದರೆ ಬಟ್ಟೆ ಮೆತ್ತಗಾಗುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಜಾಲಾಟಕ್ಕೆ ಅದೇ ಉತ್ತಮ. ಹುಳಿ ಉಳಿದ ಬಟ್ಟೆಯನ್ನು ಒಣಗಿಸಿ ಇಸ್ತ್ರಿ ಮಾಡಿದರೆ ಹತ್ತಿಯ ಎಳೆ ದುರ್ಬಲವಾಗುವುದರಿಂದ ಜಾಲಾಡುವುದರಲ್ಲಿ ಆತುರ ಬೇಡ. ಬಣ್ಣದ ಬಟ್ಟೆಯಾದರೆ ಮೊದಲು ಒಂದು ಮೂಲೆಯನ್ನಷ್ಟೇ ನೆನೆಸಿ, ಬಣ್ಣ ಬಿಡುವುದೇ ಎಂದು ನೋಡಿ.

ಒಗೆದು ಒಗೆದು ಮೆತ್ತಗಾದ ಬಟ್ಟೆ ಮೈಗೆ ಸುಖ. ಆದರೆ ಕತ್ತರಿಗೂ ಯಂತ್ರಕ್ಕೂ ಅದು ಜಾರುತ್ತದೆ, ಚಾಕ್ ಗೆರೆ ಹಾಕುವಾಗಲೇ ಸರಿದು ಹೋಗುತ್ತದೆ. ಇದಕ್ಕೆ ನಮ್ಮ ಮನೆಗಳಲ್ಲಿರುವ ಅನ್ನದ ಗಂಜಿಗಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ತಿಳಿಯಾದ ಗಂಜಿಯನ್ನು ಸೋಸಿ, ಅದರಲ್ಲಿ ಬಟ್ಟೆಯನ್ನು ಅದ್ದಿ, ಹಿಂಡದೆ ನೆರಳಿನಲ್ಲಿ ಹರಡಿ, ಇನ್ನೂ ತುಸು ಹಸಿ ಇರುವಾಗಲೇ ಇಬ್ಬರು ಎದುರುಬದುರು ನಿಂತು ಮೂಲೆಗಳನ್ನು ಹಿಡಿದು ಎಳೆದು, ಓರೆಯಾಗಿದ್ದ ಎಳೆಗಳನ್ನು ನೇರ ಮಾಡಿ, ಇಸ್ತ್ರಿ ಹಾಕಿ. ಬಟ್ಟೆ ಕಾಗದದಂತೆ ನಿಲ್ಲುತ್ತದೆ. ಟಾಪ್ ಪೂರ್ತಿಯಾದ ಮೇಲೆ ಒಗೆದರೆ ಗಂಜಿ ಹೋಗಿಬಿಡುತ್ತದೆ. ಇನ್ನೊಂದು ಅನುಕೂಲವೂ ಹಳೆಯ ಬಟ್ಟೆಗಿದೆ: ಅದು ಕುಗ್ಗುವಷ್ಟು ಈಗಾಗಲೇ ಕುಗ್ಗಿರುವುದರಿಂದ, ಹೊಸ ಹತ್ತಿಯ ಹಾಗೆ ಮೊದಲ ಒಗೆತಕ್ಕೆ ಗಿಡ್ಡವಾಗಿಬಿಡುವ ಭಯವಿಲ್ಲ.

ನಿಮ್ಮಲ್ಲಿರುವ ಬಟ್ಟೆಗಳಲ್ಲಿ ಮೊದಲು ಪಂಚೆಯನ್ನೇ ಕೈಗೆತ್ತಿಕೊಳ್ಳಿ ಎಂಬುದು ನನ್ನ ಸಲಹೆ. ನಾಲ್ಕು ಮೊಳದ ಪಂಚೆ ಸುಮಾರು 72 ಇಂಚು ಉದ್ದ, 50 ಇಂಚು ಅಗಲ ಇರುತ್ತದೆ, ನಿಮ್ಮದನ್ನು ಅಳೆದುಕೊಳ್ಳಿ. ಅಗಲದ ಎರಡೂ ಕಡೆ ಅಂಚು ಇರುತ್ತದಲ್ಲವೇ? ಆ ಎರಡು ಅಂಚುಗಳೂ ಒಂದರ ಮೇಲೊಂದು ಬರುವಂತೆ ಅಗಲವನ್ನು ಅರ್ಧಕ್ಕೆ ಮಡಿಚಿದರೆ, ಮಡಿಕೆಯಿಂದ ಅಂಚಿಗೆ 25 ಇಂಚು ಸಿಗುತ್ತದೆ. ಒಂದು ಟಾಪಿನ ಉದ್ದ ಹೆಚ್ಚು ಕಡಿಮೆ ಅಷ್ಟೇ. ಮಡಿಕೆ ಹೆಗಲ ಮೇಲೆ ಕೂರುತ್ತದೆ, ಪಂಚೆಯ ಅಂಚು ಮುಂದೆಯೂ ಹಿಂದೆಯೂ ಟಾಪಿನ ಕೆಳಗಿನ ಅಂಚಾಗುತ್ತದೆ. ಹೆಗಲ ಹೊಲಿಗೆಯೂ ಬೇಡ, ಕೆಳಗೆ ಮಡಿಚಿ ಹೊಲಿಯುವುದೂ ಬೇಡ. ಪಂಚೆಯ ಉದ್ದದಲ್ಲಿ ಎರಡು ತುದಿಗಳಿಂದ 28 ಇಂಚಿನ ಒಂದೊಂದು ತುಂಡು ತೆಗೆದರೆ ಎರಡು ಟಾಪ್ ಆಗಿ, ನಡುವೆ 16 ಇಂಚು ಉಳಿಯುತ್ತದೆ. ನಡುಭಾಗವೇ ಹೆಚ್ಚು ಸವೆದಿದ್ದರೆ ಅದು ತಾನಾಗಿಯೇ ಹೊರಗುಳಿಯಿತು. ಸವೆತ ಬೇರೆಡೆ ಇದ್ದರೆ ತುಂಡು ತೆಗೆಯುವ ಜಾಗವನ್ನು ಸರಿಸಿಕೊಳ್ಳಿ, ಒಂದೇ ಟಾಪ್ ಆದರೂ ಆಗಲಿ. ತುಂಡು ಮಾಡುವಾಗ ಅಂಚಿನಲ್ಲಿ ಕತ್ತರಿಯಿಂದ ಒಂದು ಕಚ್ಚು ಹಾಕಿ ಕೈಯಿಂದ ಹರಿಯಿರಿ, ಬಟ್ಟೆ ಅಂಗಡಿಯವರು ಹರಿಯುವ ಹಾಗೆ. ಎಳೆಯ ಗುಂಟವೇ ನೇರವಾಗಿ ಹರಿಯುತ್ತದೆ. ಗೆರೆ ಹಾಕಿ ಕತ್ತರಿಸಿದ್ದಕ್ಕಿಂತ ಇದು ನಂಬಿಕೆಯದು.

ಆ ತುಂಡನ್ನು ಹೆಗಲಿಗೆ ಒಮ್ಮೆ, ನಡುವಿಗೆ ಒಮ್ಮೆ ಮಡಿಚಿ ನಾಲ್ಕು ಪದರ ಮಾಡಿಕೊಳ್ಳಿ. ನಿಮ್ಮ ಎದೆಯ ಸುತ್ತಳತೆಗೆ 5 ಇಂಚು ಸಡಿಲ ಸೇರಿಸಿ, 4ರಿಂದ ಭಾಗಿಸಿ, ಹೊಲಿಗೆಗೆ ಮುಕ್ಕಾಲು ಇಂಚು ಕೂಡಿಸಿ. ಎದೆ 36 ಆದರೆ 36ಕ್ಕೆ 5 ಸೇರಿ 41, ಅದರ ಕಾಲು ಭಾಗ 10¼, ಮುಕ್ಕಾಲು ಕೂಡಿ 11 ಇಂಚು. ನಡುಮಡಿಕೆಯಿಂದ 11 ಇಂಚಿಗೆ ಕೆಳಗಿನಿಂದ ಮೇಲಕ್ಕೆ ನೇರ ಗೆರೆ ಹಾಕಿ. ಹೆಗಲ ಮಡಿಕೆಯಿಂದ 9½ ಇಂಚು ಕೆಳಗೆ ಹೊರಗಿನ ಅಂಚಿನಿಂದ ಅಡ್ಡ ಗೆರೆ ಎಳೆದರೆ ಅದು ತೋಳಿನ ಕೆಳಭಾಗ. ಎರಡು ಗೆರೆ ಸೇರುವ ಮೂಲೆ ಚೂಪಾಗಿ ಇರಬಾರದು. ಸಣ್ಣ ತಟ್ಟೆಯೊಂದನ್ನು ಇಟ್ಟು ದುಂಡಗೆ ತಿರುಗಿಸಿ. ಚೂಪಾದ ಮೂಲೆಯಲ್ಲಿ ಎಳೆತವೆಲ್ಲ ಒಂದೇ ಬಿಂದುವಿಗೆ ಬೀಳುತ್ತದೆ, ದುಂಡಗಿದ್ದರೆ ಹಂಚಿಹೋಗುತ್ತದೆ. ಎದೆಯ ಅಳತೆ 40 ದಾಟಿದವರು 28ರ ಬದಲು 31 ಇಂಚಿನ ತುಂಡು ತೆಗೆದುಕೊಳ್ಳಬೇಕು. ಸೊಂಟದ ಕೆಳಗೆ ಬಿಗಿಯಾಗದಂತೆ ಎರಡೂ ಪಕ್ಕದಲ್ಲಿ ಕೆಳಗಿನ 4 ಇಂಚನ್ನು ಹೊಲಿಯದೆ ಸೀಳು ಬಿಡಿ.

ಕುತ್ತಿಗೆಯ ವಿಷಯದಲ್ಲಿ ಕಣ್ಣಂದಾಜು ಬೇಡ. ಕಿವಿಯ ಮೇಲಿನಿಂದ ಹಣೆಯನ್ನು ಬಳಸಿ ತಲೆಯ ಸುತ್ತಳತೆ ತೆಗೆದುಕೊಳ್ಳಿ. ದೊಡ್ಡವರಿಗೆ ಸಾಮಾನ್ಯವಾಗಿ 22 ಇಂಚಿನ ಆಸುಪಾಸು ಬರುತ್ತದೆ. ಹೊಲಿದು ಮುಗಿದ ಕುತ್ತಿಗೆಯ ಸುತ್ತಳತೆ ಇದಕ್ಕಿಂತ ಹೆಚ್ಚಿರಬೇಕು. ನಡುಮಡಿಕೆಯಿಂದ 3¾ ಇಂಚು ಅಗಲ, ಹಿಂದೆ ಮುಕ್ಕಾಲು ಇಂಚು ಆಳ, ಮುಂದೆ 4¾ ಇಂಚು ಆಳಕ್ಕೆ ದುಂಡಗೆ ಕತ್ತರಿಸಿ, ಕಾಲು ಇಂಚು ಒಳಕ್ಕೆ ಪಟ್ಟಿ ಹೊಲಿದು ತಿರುಗಿಸಿದರೆ, ಕೊನೆಗೆ 8 ಇಂಚು ಅಗಲ, ಹಿಂದೆ 1, ಮುಂದೆ 5 ಇಂಚು ಆಳದ ಕುತ್ತಿಗೆಯಾಗುತ್ತದೆ. ಅದರ ಸುತ್ತಳತೆ ಸುಮಾರು 22½ ಇಂಚು. ಟೇಪನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಗೆರೆಯ ಗುಂಟ ಅಳೆದು ನೋಡಿ. ಚಿಕ್ಕ ಕುತ್ತಿಗೆಯೇ ಇಷ್ಟವಾದರೆ ಹಿಂದೆ 4 ಇಂಚಿನ ಸೀಳು ಕೊಟ್ಟು, ಮೇಲೆ ಒಂದು ಗುಂಡಿ ಹಾಕಿಕೊಳ್ಳಿ. ಕತ್ತರಿಸಿದ ಕೂಡಲೇ, ಬಟ್ಟೆಯನ್ನು ಎತ್ತಿ ಮೈಗೆ ಹಿಡಿದು ನೋಡುವ ಮೊದಲು, ಕುತ್ತಿಗೆಯ ಸುತ್ತ ಅಂಚಿಗೆ ಹತ್ತಿರದಲ್ಲಿ ಒಂದು ಸಾಲು ಹೊಲಿಗೆ ಓಡಿಸಿಬಿಡಿ. ಹಳೆಯ ಬಟ್ಟೆಯ ದುಂಡು ಕತ್ತರಿಕೆ ಕೈಯಲ್ಲಿ ಹಿಡಿದಷ್ಟಕ್ಕೇ ಬಾಯಿ ಬಿಡುತ್ತದೆ, ಒಮ್ಮೆ ಬಿಟ್ಟರೆ ಮತ್ತೆ ಕೂರುವುದಿಲ್ಲ. ಪಟ್ಟಿಗೆ 1¼ ಇಂಚು ಅಗಲದ ಕ್ರಾಸ್ ತುಂಡುಗಳೇ, ಅಂದರೆ ಎಳೆಗೆ ಓರೆಯಾಗಿ ಕತ್ತರಿಸಿದ ತುಂಡುಗಳೇ ಬೇಕು. ನೇರ ಎಳೆಯ ಪಟ್ಟಿ ದುಂಡಿಗೆ ಬಗ್ಗದೆ ಸುಕ್ಕಾಗುತ್ತದೆ. ಹೊಲಿಯುವಾಗ ಪಟ್ಟಿಯನ್ನು ತುಸು ಎಳೆದು ಹಿಡಿಯಿರಿ, ಕುತ್ತಿಗೆಯನ್ನು ಎಳೆಯಬೇಡಿ. ತಿರುಗಿಸುವ ಮೊದಲು ದುಂಡಿನಲ್ಲಿ ಸಣ್ಣ ಕಚ್ಚುಗಳನ್ನು ಹಾಕಿ, ಒಳಗೆ ಕೈಯಿಂದ ಹೆಮ್ಮಿಂಗ್ ಮಾಡಿ.

ತುಳಿಯುವ ಯಂತ್ರಗಳಲ್ಲಿ 16ನೇ ನಂಬರಿನ ಸೂಜಿ ಹಾಕಿಕೊಂಡೇ ಎಲ್ಲವನ್ನೂ ಹೊಲಿಯುವ ರೂಢಿ ನಮ್ಮಲ್ಲಿದೆ. ಸವೆದ ಪಂಚೆಗೆ ಆ ಸೂಜಿ ದೊಡ್ಡ ತೂತು ಮಾಡುತ್ತದೆ. ಪಂಚೆಗೆ, ಸೀರೆಗೆ 11, ಬೆಡ್‌ಶೀಟಿಗೆ 14ನೇ ನಂಬರಿನ ಹೊಸ ಸೂಜಿ ಹಾಕಿ. ಮೊಂಡಾದ ಸೂಜಿ ಎಳೆಯನ್ನು ಸರಿಸಿಕೊಂಡು ಹೋಗದೆ ಕಡಿಯುತ್ತದೆ. ಒಂದು ಇಂಚಿಗೆ 10 ಹೊಲಿಗೆ ಬಂದರೆ ಸಾಕು. ಗಟ್ಟಿಯಾಗಲೆಂದು ಒತ್ತೊತ್ತಾಗಿ ಹೊಲಿದರೆ ಅಂಚೆಚೀಟಿಯ ತೂತುಗಳ ಹಾಗೆ ಸಾಲು ತೂತಾಗಿ, ಬಟ್ಟೆ ಆ ಸಾಲಿನಲ್ಲೇ ಹರಿಯುತ್ತದೆ. ದಾರ ಬಟ್ಟೆಗಿಂತ ಬಲವಾಗಿದ್ದರೂ ಹೀಗೇ ಆಗುವುದುಂಟು. ಆದ್ದರಿಂದ ದಪ್ಪ ದಾರ ಬೇಡ, ತೆಳು ದಾರ ಹಾಕಿ, ಮೇಲಿನ ಬಿಗಿಯನ್ನು ಸ್ವಲ್ಪ ಸಡಿಲಿಸಿ.

ಪಕ್ಕದ ಹೊಲಿಗೆಯನ್ನು ಎರಡು ಸಲ ಹೊಲಿಯಿರಿ. ಮೊದಲು ಬಟ್ಟೆಯ ಒಳಮೈಗಳು ಒಂದಕ್ಕೊಂದು ತಾಗುವಂತೆ ಇಟ್ಟು ಕಾಲು ಇಂಚಿಗೆ ಹೊಲಿದು, ಅಂಚನ್ನು ಅರೆಕಾಲು ಇಂಚಿಗೆ ಕತ್ತರಿಸಿ, ಕಂಕುಳ ದುಂಡಿನಲ್ಲಿ ಎರಡು ಮೂರು ಸಣ್ಣ ಕಚ್ಚು ಕೊಟ್ಟು, ತಿರುಗಿಸಿ, ಒಳಗಿನಿಂದ ಮತ್ತೊಮ್ಮೆ ಅರ್ಧ ಇಂಚಿಗೆ ಹೊಲಿದರೆ ಬಿಟ್ಟಿದ್ದ ಮುಕ್ಕಾಲು ಇಂಚು ಸರಿಹೋಗುತ್ತದೆ. ಕತ್ತರಿಸಿದ ಅಂಚು ಪೂರ್ತಿಯಾಗಿ ಒಳಗೆ ಅಡಗುವುದರಿಂದ ಇಂಟರ್‌ಲಾಕ್ ಮಾಡಿಸಲು ಊರಿಗೆ ಹೋಗುವ ಕೆಲಸವಿಲ್ಲ, ಬೆವರಿನ ಮೈಗೆ ಚುಚ್ಚುವ ಎಳೆಯೂ ಇರುವುದಿಲ್ಲ. ಎರಡನೆಯ ಹೊಲಿಗೆ ಹಾಕುವಾಗ ಕಂಕುಳ ದುಂಡಿನ ಮೇಲೆ, ಬೆಡ್‌ಶೀಟಿನ ಉದ್ದದ ಮೂಲ ಅಂಚಿನಿಂದ ಕತ್ತರಿಸಿದ ಅರ್ಧ ಇಂಚು ಅಗಲ, 4 ಇಂಚು ಉದ್ದದ ಪಟ್ಟಿಯೊಂದನ್ನು ಇಟ್ಟು ಸೇರಿಸಿ ಹೊಲಿಯಿರಿ. ಮಗ್ಗದಲ್ಲೇ ಒತ್ತಾಗಿ ನೇಯ್ದ ಆ ಅಂಚು ಇಡೀ ಬೆಡ್‌ಶೀಟಿನಲ್ಲಿ ಅತಿ ಗಟ್ಟಿಯಾದ ಭಾಗ. ನಿಮ್ಮ ಟಾಪ್ ಹರಿದ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಆಸರೆಯಿಲ್ಲ.

ಬೆಡ್‌ಶೀಟಿನಿಂದ ಹೊಲಿಯುವಾಗಲೂ ಇದೇ ಆಕಾರ ಸಾಕು. 60 ಇಂಚು ಅಗಲ, 90 ಇಂಚು ಉದ್ದದ ಒಂಟಿ ಬೆಡ್‌ಶೀಟಿನ ನಡುವೆ ಸವೆದಿದ್ದರೆ 50 ಇಂಚಿನ ಒಂದೇ ತುಂಡು ಸಿಗದಿರಬಹುದು. ಆಗ ಮುಂಭಾಗವನ್ನು ಒಂದು ಮೂಲೆಯಿಂದ, ಹಿಂಭಾಗವನ್ನು ಇನ್ನೊಂದು ಮೂಲೆಯಿಂದ ತೆಗೆದು ಹೆಗಲಲ್ಲಿ ಜೋಡಿಸಿ. ಈಗಾಗಲೇ ಮಡಿಚಿ ಹೊಲಿದಿರುವ ಅಂಚು ಟಾಪಿನ ಕೆಳಗೆ ಬರಲಿ. ಅಗಲ ಸಾಲದಿದ್ದರೆ ಎರಡೂ ಪಕ್ಕದಲ್ಲಿ ಕಂಕುಳಿನಿಂದ ಕೆಳಗೆ ಬೇರೆ ಬಟ್ಟೆಯ ಉದ್ದ ಪಟ್ಟಿ ಸೇರಿಸಿ. ಅದನ್ನು ತೇಪೆಯೆಂದು ಭಾವಿಸಬೇಕಾಗಿಲ್ಲ. ಪಂಚೆಯ ಅಂಚನ್ನೇ ಪಟ್ಟಿಯಾಗಿ ಇಟ್ಟರೆ ಅಂದವಾಗಿಯೇ ಕಾಣುತ್ತದೆ. ಬಿಳಿಯ ಪಂಚೆ ಪಾರದರ್ಶಕವಾಗಿ ಕಂಡರೆ ಮುಂಭಾಗಕ್ಕೆ ಇನ್ನೊಂದು ಪದರ ಕೊಡಿ. ತೆಳು ಹತ್ತಿಯ ಎರಡು ಪದರ ಒಂದು ಪದರ ಪಾಲಿಯೆಸ್ಟರ್‌ಗಿಂತ ತಂಪಾಗಿಯೇ ಇರುತ್ತದೆ.

ಮಗಳಿಗೆ ದಿಂಬಿನ ಕವರು ಹೇಳಿ ಮಾಡಿಸಿದಂತಿದೆ. ಅದು 17ರಿಂದ 18 ಇಂಚು ಅಗಲ ಇರುವುದರಿಂದ, ಎದೆ 26 ಇಂಚಿನ ಮಗುವಿಗೆ ಪಕ್ಕದ ಹೊಲಿಗೆಯನ್ನು ಬಿಚ್ಚದೆಯೇ ಆಗುತ್ತದೆ. ಬಾಯಿ ತೆರೆದಿರುವ ಕಡೆ ಕೆಳಗಿರಲಿ. ಒಳಗಿನ ಮಡಿಕೆಯನ್ನು ಬಿಚ್ಚಿ ತೆಗೆಯಿರಿ. ಮುಚ್ಚಿದ ಕಡೆಯನ್ನು, ಬೇಕಾದ ಉದ್ದಕ್ಕೆ 1¼ ಇಂಚು ಹೆಚ್ಚಿಟ್ಟು ಕತ್ತರಿಸಿ. ಮೇಲಿನ ಎರಡು ಮೂಲೆಗಳಲ್ಲಿ 2 ಇಂಚು ಅಗಲ, 5 ಇಂಚು ಆಳದ ಓರೆ ದುಂಡು ತೆಗೆದು, ಆ ಅಂಚಿಗೆ ಕ್ರಾಸ್ ಪಟ್ಟಿ ಹೊಲಿದು, ಮುಂದೆ ಹಿಂದೆ ಮೇಲಂಚನ್ನು ಮಡಿಚಿ ನೇಫೆ ಮಾಡಿ, ಅದರಲ್ಲಿ ಬಟ್ಟೆಯ ಲಾಡಿ ತೂರಿಸಿ ಹೆಗಲ ಮೇಲೆ ಕಟ್ಟಿದರೆ ಮುಗಿಯಿತು. ಮಗು ಬೆಳೆದರೆ ಲಾಡಿಯನ್ನು ಸಡಿಲಿಸಬಹುದು. ದಿಂಬಿನ ಕವರಿನಲ್ಲಿ ತಲೆಗೆಣ್ಣೆಯ ಹಳದಿ ಕಲೆ ಇರುವುದೇ ಹೆಚ್ಚು. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿದರೆ ಈಚಿನ ಕಲೆ ಹೋಗುತ್ತದೆ. ವರ್ಷಗಟ್ಟಲೆ ಕೂತ ಕಲೆ ಹೋಗದು. ಆ ಮಗ್ಗುಲು ಹಿಂದೆ ಬರುವಂತೆ ಮಾಡಿ.

ಅಮ್ಮನ ಸೀರೆಯನ್ನು ಕೊನೆಗೆ ಇಟ್ಟುಕೊಳ್ಳಿ, ಎರಡು ಪಂಚೆಗಳಲ್ಲಿ ಕೈ ಪಳಗಲಿ. ಸೀರೆ ಸವೆಯುವುದು ಹಿಮ್ಮಡಿ ತಾಗುವ ಕೆಳ ಅಂಚಿನಲ್ಲಿ ಮತ್ತು ನೆರಿಗೆ ಸಿಕ್ಕಿಸುವ ಜಾಗದಲ್ಲಿ. ಮೊದಲ ಸುತ್ತಿಗೆ ಒಳಗೆ ಹೋಗುವ ತುದಿ ಬಿಸಿಲು ಕಾಣದೆ ಬಣ್ಣ ಉಳಿಸಿಕೊಂಡಿರುತ್ತದೆ. ಟಾಪ್‌ಗೆ ಆ ಭಾಗ ತೆಗೆದುಕೊಳ್ಳಿ. ಸೀರೆಯ ಅಗಲ 45 ಇಂಚು, ಪಂಚೆಯಂತೆ ಮಡಿಚಿದರೆ 22½ ಇಂಚಿನ ಗಿಡ್ಡ ಟಾಪ್ ಆಗುತ್ತದೆ, ಲಂಗದ ಮೇಲೆ ಅದು ಒಪ್ಪುತ್ತದೆ. ಸೆರಗನ್ನು ಮಾತ್ರ ಕತ್ತರಿಸಬೇಡಿ. ಅಮ್ಮನ ಸೆರಗಿಗೆ ಕತ್ತರಿ ಹಾಕಿ ಆಮೇಲೆ ಕಣ್ಣು ತುಂಬಿಕೊಂಡವರನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಸೆರಗನ್ನು ಹಾಗೆಯೇ ಮಡಿಚಿ ಇಟ್ಟುಕೊಂಡರೆ ಟಾಪ್‌ಗೆ ಏನೂ ಕೊರತೆಯಾಗುವುದಿಲ್ಲ.

ಹೊಲಿದಾದ ಮೇಲೆ ಗಂಜಿ ಹೋಗುವಂತೆ ಕೈಯಲ್ಲಿ ಒಗೆದು, ಕಲ್ಲಿಗೆ ಬಡಿಯದೆ, ತಿರುಚಿ ಹಿಂಡದೆ, ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿ. ಕ್ಲಿಪ್ಪನ್ನು ಹೆಗಲಿಗೆ ಹಾಕದೆ ಕೆಳ ಅಂಚಿಗೆ ಹಾಕಿ. ಒಣಗಿದ ಟಾಪನ್ನು ಮೈಗೆ ಹಾಕುವ ಮೊದಲು ಕಂಕುಳ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಹೊಲಿಗೆಯ ಪಕ್ಕದಲ್ಲಿ ಎಳೆಗಳು ಸರಿದು ಕಿಂಡಿ ಕಾಣುತ್ತಿದ್ದರೆ ಅಂಗೈಯ ಅರ್ಧದಷ್ಟು ಗಟ್ಟಿ ಬಟ್ಟೆಯನ್ನು ಒಳಗಿನಿಂದ ಕೊಟ್ಟು, ಸುತ್ತ ಕೈಹೊಲಿಗೆ ಹಾಕಿಬಿಡಿ. ಕಿಂಡಿಯಾಗಿರುವಾಗ ಅದು ಹತ್ತು ನಿಮಿಷದ ಕೆಲಸ.